ಒಂದು ಗೇಣು ಆಚೆ

ಟಕಟಕ ಮೇಷ್ಟ್ರ ಬಗ್ಗೆ ಬರೆಯಲು ನಮ್ಮ ಶಾಲೆಯಲ್ಲಿ ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಭಾಷೆ ಕಲಿಸುವವರೊಬ್ಬರು ಶ್ರದ್ಧಾಂಜಲಿ ಸಭೆಯಲ್ಲಿ ಅರ್ಧ ಗಂಟೆ ಮಾತಾಡಿದರು, ಒಂದೇ ಒಂದು ನಿಜ ಹೇಳದೆ ಕೂತರು. ನಾನು ಆಫೀಸಿನ ಗುಮಾಸ್ತೆ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ಮೊಹರು ಒತ್ತುವುದು ನನ್ನ ಕೆಲಸ. ಆದರೂ ಇದನ್ನು ನಾನೇ ಬರೆಯಬೇಕು. ಆ ಮನುಷ್ಯನಿಗೆ ಅನ್ಯಾಯ ಮಾಡಿದವರಲ್ಲಿ ನಾನೂ ಒಬ್ಬಳು, ಮತ್ತು ಹಾಗೆಂದು ಶಾಲೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಅವರು ನಮ್ಮ ಶಾಲೆಗೆ ಬಂದದ್ದು ಟೈಪಿಂಗ್ ಕಲಿಸಲು. ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಹನ್ನೆರಡು ಮೇಜು, ಹನ್ನೆರಡು ಯಂತ್ರ. ಮಕ್ಕಳ ಕೈಗಳ ಮೇಲೆ ಒಂದೊಂದು ಬಟ್ಟೆ ಹೊದಿಸಿ, ಕೀಲಿಮಣೆ ಕಾಣದಂತೆ ಮಾಡಿ ಹೊಡೆಸುತ್ತಿದ್ದರು. ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ಬೆರಳಿಗೆ ಬುದ್ಧಿ ಬರಬೇಕು ಎನ್ನುವುದು ಅವರ ಮಂತ್ರ. ಮಧ್ಯದ ಸಾಲಿಗೆ ಅವರು ಮನೆ ಎನ್ನುತ್ತಿದ್ದರು. ಬೆರಳು ಮೇಲಿನ ಸಾಲಿಗೆ ಹೋಗಲಿ, ಕೆಳಗಿನ ಸಾಲಿಗೆ ಹೋಗಲಿ, ಅಕ್ಷರ ಹೊಡೆದ ಮೇಲೆ ಮನೆಗೆ ಬರಬೇಕು. ಕೋಣೆಯಿಂದ ದಿನವಿಡೀ ಎರಡೇ ಸದ್ದು ಕೇಳುತ್ತಿತ್ತು, ಒಂದು ಯಂತ್ರಗಳ ಟಕಟಕ, ಇನ್ನೊಂದು ಅವರ "ಮನೆಗೆ ಬಾ, ಮನೆಗೆ ಬಾ."

ಆಮೇಲೆ ಯಂತ್ರಗಳು ಹೋಗಿ ಯಾರೋ ಬಳಸಿ ಬಿಟ್ಟ ಐದು ಕಂಪ್ಯೂಟರುಗಳು ಬಂದವು. ನಾನು ಕೆಲಸಕ್ಕೆ ಸೇರಿದ್ದು ಆ ವರ್ಷ. ಎರಡು ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟುತ್ತಿದ್ದ ನನ್ನನ್ನು ಮಕ್ಕಳ ಜೊತೆ ಕೂರಿಸಿ ಕಲಿಸಿದರು. ನನ್ನ ಕೈ ಯಾವಾಗಲೂ ಒಂದು ಕೀ ಬಲಕ್ಕೆ ಸರಿದು ಕೂರುತ್ತಿತ್ತು. ಹಾಗೆ ಕೂತರೆ ಎಲ್ಲ ಅಕ್ಷರವೂ ಪಕ್ಕದ ಅಕ್ಷರವಾಗಿ ಬೀಳುತ್ತದೆ. ನಮ್ಮ ಕೀಲಿಮಣೆಯಲ್ಲಿ ಮ-ದ ಪಕ್ಕ ಅಲ್ಪವಿರಾಮ, ನ-ದ ಪಕ್ಕ ಮ, ಎ-ದ ಪಕ್ಕ ರ. ಹಾಗಾಗಿ ನಾನು 'ಮನೆ' ಎಂದು ಹೊಡೆದರೆ ಪರದೆಯ ಮೇಲೆ ',ಮರ' ಎಂದು ಬಿತ್ತು. ಮೇಷ್ಟ್ರು ನಕ್ಕು ಹೇಳಿದರು: "ನೋಡಮ್ಮ, ಬೆರಳು ಒಂದು ಹೆಜ್ಜೆ ತಪ್ಪಿದ್ರೆ ಮನೆ ಹೋಗಿ ಮರ ಆಗತ್ತೆ. ತಪ್ಪು ಬೆರಳಿಂದಲ್ಲ, ಕೂತ ಜಾಗದ್ದು." ಆಮೇಲೆ ಅದು ಅವರ ಕಾಯಂ ಜೋಕಾಯಿತು. ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುವರು, ತಾವೇ ಮೊದಲು ನಗುವರು.

ಕಂಪ್ಯೂಟರುಗಳೂ ಕೆಟ್ಟವು, ಟೈಪಿಂಗ್ ಪಾಠವೇ ಬೇಡವೆಂದು ಮೇಲಿನಿಂದ ಆದೇಶ ಬಂತು. ಮೇಷ್ಟ್ರು ಹೆಚ್ಚುವರಿಯಾದರು. ಮನುಷ್ಯನನ್ನು ಹೆಚ್ಚುವರಿ ಎನ್ನುವ ಆ ಕಾಗದಕ್ಕೆ ನಂಬರು ಹಾಕಿದವಳೂ ನಾನೇ. ನಮ್ಮ ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಮೇಡಂ, ಅವರನ್ನು ಬೇರೆ ಕಡೆ ಕಳುಹಿಸಲು ಮನಸ್ಸು ಬಾರದೆ ಶಾಲೆಯ ತೋಟ ನೋಡಿಕೊಳ್ಳಿ ಎಂದರು. ತೋಟ ಎಂದರೆ ಆಗ ಕಲ್ಲು, ಮುರಿದ ಬೆಂಚು ಮತ್ತು ಒಂದು ಅಳುಮುಖದ ಗುಲಾಬಿ ಗಿಡ. ಮೇಷ್ಟ್ರ ಹೆಂಡತಿ ಸಂತೆಗೆ ಹೊರಟವರು ಶಾಲೆಯ ಗೇಟಿನಲ್ಲಿ ನಿಂತು, ಮನೆಯಲ್ಲಿ ಒಂದು ಕುಂಡಕ್ಕೆ ನೀರು ಹಾಕಿದವರಲ್ಲ, ಇನ್ನು ಶಾಲೆ ಉದ್ಧಾರವಾಯಿತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದರು.

ಮೊದಲ ವರ್ಷ ಹೆಂಡತಿಯ ಮಾತೇ ನಿಜವಾಯಿತು. ಗಿಡಗಳಿಗಿಂತ ಮೊದಲು ಅವುಗಳ ಹೆಸರಿನ ಚೀಟಿ ಸಿದ್ಧವಾದವು, ಅಂದವಾಗಿ ಟೈಪು ಮಾಡಿ ಕಡ್ಡಿಗೆ ಸಿಕ್ಕಿಸಿದವು. ಚೀಟಿ ಮಾತ್ರ ಚೆನ್ನಾಗಿ ಬೆಳೆದಿದೆ ಮೇಷ್ಟ್ರೇ ಎಂದು ನಾನು ಕಿಟಕಿಯಿಂದ ರೇಗಿಸುತ್ತಿದ್ದೆ. ಅವರು ಬೇರೆಯವರ ಹೊಲ ನೋಡಿ ಬಂದು ಮತ್ತೆ ಅಗೆಯುತ್ತಿದ್ದರು.

ಅವರಿಗೆ ಬುದ್ಧಿ ಹೊಳೆದದ್ದು ಗಾಲಿ ಕುರ್ಚಿಯ ಹುಡುಗಿಯಿಂದ. ತೋಟದ ಪಿರಿಯಡ್ಡಿನಲ್ಲಿ ಅವಳು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು, ನೆಲ ಅವಳ ಕೈಗೆ ಎಟುಕುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು ಹಿಂಬದಿಯ ಕೋಣೆಯ ಬೀಗ ತೆಗೆದು ಹನ್ನೆರಡೂ ಟೈಪಿಂಗ್ ಮೇಜುಗಳನ್ನು ಹೊರಗೆ ಎಳೆಸಿದರು. ಖಾನೆಗಳನ್ನು ಕಿತ್ತರು, ಅವಳ ಮೊಣಕಾಲು ಕೆಳಗೆ ಹೋಗುವ ಹಾಗೆ. ಎರಡೆರಡು ಮೇಜು ಜೋಡಿಸಿ ಮೇಲೆ ಹಲಗೆಯ ಕಟ್ಟೆ ಹೊಡೆದು ಮಣ್ಣು ತುಂಬಿದರು. ಹಳೆಯ ಯಂತ್ರಗಳ ತಗಡಿನ ಮುಚ್ಚಳಗಳಿಗೆ ತೂತು ಹೊಡೆದರೆ ಅವೇ ಕುಂಡ. ಮಕ್ಕಳು ಕೈ ತೊಳೆಯುವ ನಲ್ಲಿಯ ನೀರು ಚರಂಡಿಗೆ ಹೋಗದೆ ಕೊಳವೆಯಲ್ಲಿ ಮೇಜುಗಳತ್ತ ಹರಿಯಿತು. ಉದುರಿದ ಎಲೆ, ಗುಡಿಸಿದ ಕಸ ಮೂಲೆಯ ಗುಂಡಿಯಲ್ಲಿ ಕೊಳೆತು ಗೊಬ್ಬರವಾಯಿತು. ಒಂದು ಕಡೆ ಎರಡು ನಿಮಿಷ ಕೂರಲಾಗದ ಮಗುವಿಗೆ ನೀರು ಹೊರುವ ಕೆಲಸ ಸಿಕ್ಕಿತು. ಆಮೇಲೆ ಮೇಲಿನವರು ಇದಕ್ಕೆ 'ಸರ್ವರನ್ನೂ ಒಳಗೊಂಡ ಸುಸ್ಥಿರ ಶಾಲಾ ಕೈತೋಟ' ಎಂದು ಬಾಯಿ ತುಂಬ ಹೆಸರಿಟ್ಟರು. ಮೇಷ್ಟ್ರು ಅದಕ್ಕೆ ಮೇಜಿನ ತೋಟ ಎನ್ನುತ್ತಿದ್ದರು, ಅಷ್ಟೇ.

ಆಮೇಲೆ ಎಣಿಕೆ ಬಂದಳು. ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿ, ಒಂಬತ್ತು ವರ್ಷ. ಮೆಟ್ಟಿಲು, ಕಿಟಕಿ, ಮಾತಾಡುವವರ ಕೆಮ್ಮು, ಎಲ್ಲವನ್ನೂ ಎಣಿಸುತ್ತಿದ್ದಳು. ಅದಕ್ಕೇ ಆ ಹೆಸರು. ಅವಳ ಅಪ್ಪ ಗಡಿಯಾರ ರಿಪೇರಿಯವನು, ಹೆಂಡತಿ ಇಲ್ಲದವನು. ದೂರದಲ್ಲಿ ಕಣ್ಣಿಲ್ಲದ ಮಕ್ಕಳ ಹಾಸ್ಟೆಲ್ ಶಾಲೆಯೊಂದಿದೆ, ಅಲ್ಲಿ ಸೇರಿಸು ಎಂದು ಎಲ್ಲರೂ ಹೇಳುತ್ತಿದ್ದರು. ಮಗಳನ್ನು ಬಿಟ್ಟಿರಲಾರದೆ ಅವನು ನಮ್ಮಲ್ಲಿಗೆ ತಂದಿದ್ದ.

ಮೇಷ್ಟ್ರಿಗೆ ಅವಳನ್ನು ಕಂಡ ದಿನ ಹೋದ ಕೆಲಸ ವಾಪಸ್ಸು ಬಂದಷ್ಟು ಹುರುಪು. ನೋಡದೆ ಕೆಲಸ ಮಾಡುವುದನ್ನಲ್ಲವೆ ಅವರು ಇಪ್ಪತ್ತು ವರ್ಷ ಕಲಿಸಿದ್ದು? ಪ್ರತಿ ಜೋಡಿ ಮೇಜಿನ ಅಂಚಿನ ನಟ್ಟನಡುವೆ ಒಂದು ದುಂಡನೆಯ ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿದರು. ಆ ಕಲ್ಲೇ ಮನೆ. ಕಲ್ಲಿನ ಎದುರಿಗೊಂದು ಗುಂಡಿ, ಅಲ್ಲಿಂದ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಒಂದೊಂದಕ್ಕೂ ಅವಳ ಕೈಯ ಒಂದು ಗೇಣು ಅಂತರ. ಎಣಿಕೆ ಮೇಜಿನ ಬಲ ಮೂಲೆಯಿಂದ ಅಂಚು ಸವರುತ್ತ ಬಂದು ಕಲ್ಲು ಮುಟ್ಟಿ ನಿಲ್ಲುವಳು. ಅಲ್ಲಿಂದ ಗೇಣು ಹಾಕಿ ಗಿಡ ಹುಡುಕಿ, ಕೆಲಸ ಮುಗಿಸಿ, ಮತ್ತೆ ಕಲ್ಲಿಗೆ ಕೈ ತರುವಳು. ಹೊರಗಿನಿಂದ ಮತ್ತೆ ಕೇಳತೊಡಗಿತು: "ಮನೆಗೆ ಬಾ, ಮನೆಗೆ ಬಾ." ಮನೆ ಹೋಗಿ ಮರ ಆಗುವ ಹಳೆಯ ಜೋಕನ್ನು ಅವಳಿಗೂ ಹೇಳಿ ನಕ್ಕರು. ತಿಂಗಳೊಪ್ಪತ್ತಿನಲ್ಲಿ ಅವಳು ಕಣ್ಣಿದ್ದವರಿಗಿಂತ ಚೊಕ್ಕಟವಾಗಿ ಕಳೆ ಕೀಳುತ್ತಿದ್ದಳು.

ಬೀಜದ ಕವರುಗಳಿಗೂ ಅವರು ಉಪಾಯ ಮಾಡಿದ್ದರು. ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ಅವಳಿಗೆ ಬೆರಳಿನಲ್ಲಿ ಓದುವ ಚುಕ್ಕಿ ಲಿಪಿ ಕಲಿಸುತ್ತಿದ್ದರು, ಮೇಷ್ಟ್ರು ಪಕ್ಕದಲ್ಲಿ ಕೂತು ತಾವೂ ಕಲಿತರು. ಉಳಿದಿದ್ದ ಒಂದೇ ಒಂದು ಹಳೆಯ ಯಂತ್ರದಲ್ಲಿ ದಪ್ಪ ಕಾಗದವನ್ನು ತಿರುವಿ ಹಾಕಿ ಪೂರ್ಣವಿರಾಮದ ಕೀಯನ್ನು ಜೋರಾಗಿ ಹೊಡೆದರೆ ಆಚೆ ಕಡೆ ಉಬ್ಬು ಮೂಡುತ್ತದೆ. ಕನ್ನಡಿಯಲ್ಲಿ ಬರೆದಂತೆ ಎಲ್ಲವನ್ನೂ ತಿರುಗಾಮುರುಗಾ ಹೊಡೆಯಬೇಕು, ಒಂದು ಹೆಸರಿಗೆ ಒಂದು ಪಿರಿಯಡ್ಡು. ಇಷ್ಟು ಒದ್ದಾಟ ಯಾಕೆ, ಬಾಯಲ್ಲಿ ಹೇಳಿದರೆ ಆಗುವುದಿಲ್ಲವೇ ಎಂದು ನಾನು ಕೇಳಿದ್ದೆ. ಬೇರೆಯವರ ಬಾಯಿ ಕಾಯುವುದು ಅವಳಿಗೆ ತಪ್ಪಬೇಕು ಎಂದರು.

ಎಣಿಕೆ ತಾನೇ ಓದಿ ಆರಿಸಿದ ಕವರು ನಿಂಬೆಯದು. ಮೊದಲ ಮೇಜಿನ ಕಲ್ಲಿನಿಂದ ಎಡಕ್ಕೆ ಮೊದಲ ಗುಂಡಿಯಲ್ಲಿ ನಾಲ್ಕು ಬೀಜ ಹಾಕಿದಳು. ಮೂರು ಕೊಳೆತವು. ಒಂದು ಮೂವತ್ತೆಂಟನೆಯ ದಿನ ಮೊಳೆಯಿತು. ಅದಕ್ಕೆ ಮೊದಲಿನ ಮೂವತ್ತೇಳು ದಿನವೂ ನನ್ನ ಕಿಟಕಿಗೆ ಬಂದು ಇವತ್ತೂ ಇಲ್ಲ ಅಕ್ಕಾ ಎಂದು ವರದಿ ಒಪ್ಪಿಸಿದ್ದಳು. ಮೊಳೆತ ದಿನ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬೆರಳಿನಲ್ಲಿ ಮುಟ್ಟಿಸಿದಳು. ಎಲೆಯನ್ನು ಮೆಲ್ಲಗೆ ತಿಕ್ಕಿ ಮೂಗಿಗೆ ಹಿಡಿದು, ಗಿಡ ಇನ್ನೂ ಇರುವೆಯಷ್ಟಿದ್ದರೂ ವಾಸನೆ ಆಗಲೇ ದೊಡ್ಡದು ಎಂದಳು.

ಅದರಾಚೆಯ ಎರಡನೆಯ ಗುಂಡಿ ಖಾಲಿ. ಅಲ್ಲಿ ಬರೀ ಕಳೆ ಬೆಳೆಯುತ್ತಿತ್ತು. ಕೀಳುವುದನ್ನು ಕಲಿಸಲು ಬೇಕಾಗುತ್ತದೆ ಎಂದು ಮೇಷ್ಟ್ರು ಅದನ್ನು ಹಾಗೇ ಬಿಟ್ಟಿದ್ದರು.

ಆ ವರ್ಷ ಶಾಲಾ ತೋಟಗಳ ಸ್ಪರ್ಧೆ ಬಂತು. ಪರೀಕ್ಷಿಸಲು ಅತಿಥಿಗಳು ಬರುವವರಿದ್ದರು. ಅದೇ ಹೊತ್ತಿಗೆ ಹಾಸ್ಟೆಲಿನವರು ಒಂದು ಜಾಗ ಖಾಲಿ ಇದೆ, ಈ ತಿಂಗಳೊಳಗೆ ಹೇಳಿ ಎಂದು ಗಡಿಯಾರದವನಿಗೆ ಪತ್ರ ಹಾಕಿದ್ದರು. ಅವನು ಮೇಷ್ಟ್ರ ಹತ್ತಿರ ಬಂದು ಏನು ಮಾಡಲಿ ಎಂದು ಕೇಳಿದ. ಸ್ಪರ್ಧೆಯ ದಿನ ತೋಟಕ್ಕೆ ಬಂದು ನಿಮ್ಮ ಕಣ್ಣಾರೆ ನೋಡಿ ಎಂದರು ಮೇಷ್ಟ್ರು. ಅವನು ನನ್ನೆದುರಿಗೇ ಹೇಳಿದ ಮಾತು ಇದು: "ನಾಲ್ಕು ಜನದ ಮುಂದೆ ಅವಳು ತಾನಾಗಿ ಒಂದು ಕೆಲಸ ಮಾಡೋದನ್ನ ನಾನು ನೋಡಬೇಕು ಮೇಷ್ಟ್ರೇ. ನೋಡಿದ್ರೆ ಎಲ್ಲಿಗೂ ಕಳಿಸಲ್ಲ." ಮೇಷ್ಟ್ರಿಗೆ ಬಹುಮಾನ ಗಿಹುಮಾನ ಆ ಕ್ಷಣಕ್ಕೇ ಮರೆತುಹೋಯಿತು. ಮಗು ಉಳಿಯುವುದೊಂದೇ ಅವರಿಗೆ ಬೇಕಾಗಿತ್ತು.

ಸ್ಪರ್ಧೆಗೆ ಎರಡು ದಿನ ಮೊದಲು ದೊಡ್ಡ ಮೇಡಂ ಶಾಲೆಯ ಹೆಸರಿನ ತಗಡಿನ ಬೋರ್ಡು ಬರೆಸಿ ತಂದರು. ಮೊದಲ ಮೇಜಿನ ಮುಂದೆ, ನಟ್ಟನಡುವೆ, ಫೋಟೋದಲ್ಲಿ ಕಾಣುವ ಹಾಗೆ ಹೊಡೆಯಬೇಕಂತೆ. ಕಲ್ಲು ಅಡ್ಡ ಬಂತು. ಮೇಷ್ಟ್ರು ಬೇಡವೆನ್ನಬೇಕಿತ್ತು. ಜಗಳವಾಡುವ ಜೀವವಲ್ಲ ಅದು, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಜಾತಿ. ಉಳಿ ತೆಗೆದುಕೊಂಡು ಕಲ್ಲನ್ನು ಎಬ್ಬಿಸಿ ಒಂದು ಗೇಣು ಬಲಕ್ಕೆ ಕೂರಿಸಿದರು. ಬೆಳಿಗ್ಗೆ ಎಣಿಕೆ ಬಂದ ತಕ್ಷಣ ಹೇಳಿದರಾಯಿತು ಎಂದುಕೊಂಡರು.

ಎಣಿಕೆ ಬರಲಿಲ್ಲ. ನೆಗಡಿ, ಜ್ವರ. ಮರುದಿನವೂ ಇಲ್ಲ. ಸ್ಪರ್ಧೆಯ ದಿನ ಜ್ವರ ಇಳಿದಿತ್ತು, ಅಪ್ಪನ ಕೈ ಹಿಡಿದು ತಡವಾಗಿ ಬಂದಳು. ಆ ಹೊತ್ತಿಗೆ ಮೇಷ್ಟ್ರು ಗೇಟಿನಲ್ಲಿ ಅತಿಥಿಗಳ ಎದುರು ಕೈ ಕಟ್ಟಿ ನಿಂತಿದ್ದರು. ದೊಡ್ಡ ಮೇಡಂ ಅವರನ್ನು ಅಲ್ಲಿಂದ ಅಲುಗಾಡಲು ಬಿಡಲಿಲ್ಲ. ಎಲ್ಲರೂ ಒಟ್ಟಿಗೇ ಮೇಜಿನ ಬಳಿ ಸೇರಿದಾಗ ಎಣಿಕೆ ಆಗಲೇ ಅಂಚು ಸವರುತ್ತ ಬಂದು ಕಲ್ಲಿನ ಮೇಲೆ ಕೈ ಇಟ್ಟಿದ್ದಳು. ಮಗೂ, ಕಳೆ ಹೇಗೆ ಕೀಳ್ತೀಯ ತೋರಿಸು ಎಂದರು ಒಬ್ಬ ಅತಿಥಿ. ನಾನು ತಟ್ಟೆಯಲ್ಲಿ ನೀರಿನ ಲೋಟಗಳನ್ನು ಹಿಡಿದು ಹಿಂದೆ ನಿಂತಿದ್ದೆ. ಅವಳು ಎಡಕ್ಕೆ ಗೇಣು ಹಾಕಿದಳು. ಒಂದು. ಎರಡು. ಬುಡಕ್ಕೆ ಬೆರಳು ಇಳಿಸಿ, ಮೇಷ್ಟ್ರು ಕಲಿಸಿದಂತೆ ಬೇರು ತುಂಡಾಗದ ಹಾಗೆ, ಒಂದೇ ಎಳೆತಕ್ಕೆ ಕಿತ್ತು ಮೇಲೆ ಹಿಡಿದಳು.

ನಿಂಬೆ ಗಿಡ. ಬೇರುಸಮೇತ.

ನೆಗಡಿಯಾಗಿದ್ದ ಮೂಗಿಗೆ ವಾಸನೆ ತಿಳಿಯಲಿಲ್ಲ. ಅವಳು ನಗುತ್ತ ಅದನ್ನು ಹಿಡಿದೇ ಇದ್ದಳು, ಶಹಬ್ಬಾಸ್ ಎನ್ನಲಿ ಎಂದು. ಯಾರೋ ಕಿಸಕ್ಕೆಂದರು. ಗಾಲಿ ಕುರ್ಚಿಯ ಹುಡುಗಿ, ಅಯ್ಯೋ ಅದು ನಿನ್ನ ನಿಂಬೆ ಕಣೇ ಎಂದುಬಿಟ್ಟಳು. ಎಣಿಕೆಯ ಮುಖದಿಂದ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ನೊಂದು ಕೈಯಿಂದ ಎಲೆ ಮುಟ್ಟಿದಳು, ಬೇರು ಮುಟ್ಟಿದಳು. ಪಾಪ, ಎಷ್ಟಾದರೂ ಕಣ್ಣು ಕಣ್ಣೇ ಎಂದರು ಅತಿಥಿ. ಗಡಿಯಾರದವನು ಮಗಳನ್ನು ನೋಡಲಿಲ್ಲ, ನೆಲ ನೋಡಿದ.

ಕಲ್ಲು ಸರಿಸಿದ್ದು ನಾನು ಎಂದು ಮೇಷ್ಟ್ರು ಅಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರು ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ದೊಡ್ಡ ಮೇಡಂ ಅತಿಥಿಗಳನ್ನು ಗೊಬ್ಬರದ ಗುಂಡಿಯ ಕಡೆ ತಿರುಗಿಸಿದರು, ಮೇಷ್ಟ್ರೇ ಬನ್ನಿ ವಿವರಿಸಿ ಎಂದು ಕರೆದರು. ಅವರು ಹೋದರು. ನನಗೆ ಆಗ ಕಲ್ಲಿನ ವಿಷಯ ಗೊತ್ತಿರಲಿಲ್ಲ, ಮಗು ತಪ್ಪು ಮಾಡಿತು ಎಂದೇ ತಿಳಿದೆ. ಸಂಜೆ ಎಲ್ಲರೂ ಹೋದ ಮೇಲೆ ಎಣಿಕೆ ಒಬ್ಬಳೇ ಬಹಳ ಹೊತ್ತು ಆ ಮೇಜಿನ ಹತ್ತಿರ ನಿಂತಿದ್ದಳು. ಮೇಷ್ಟ್ರು ಬಂದು ಗಿಡವನ್ನು ಮತ್ತೆ ನೆಟ್ಟರು, ಪರವಾಗಿಲ್ಲ ಪುಟ್ಟಿ ಎಂದರು. ಅವಳು ತಲೆಯಾಡಿಸಿದಳು. ಗಿಡ ನಾಲ್ಕು ದಿನಕ್ಕೆ ಒಣಗಿತು. ಹತ್ತನೆಯ ದಿನ ಗಡಿಯಾರದವನು ವರ್ಗಾವಣೆ ಪತ್ರ ಕೇಳಿಕೊಂಡು ನನ್ನ ಕಿಟಕಿಗೆ ಬಂದ. ನಮಗೆ ಮೂರನೆಯ ಬಹುಮಾನ ಬಂತು.

ಆಮೇಲಿನ ಮೇಷ್ಟ್ರು ಬೇರೆಯೇ. ತೋಟ ಮೊದಲಿಗಿಂತ ಚೆನ್ನಾಗಿ ಬೆಳೆಯಿತು, ಅವರು ಸೊರಗಿದರು. ಬೋರ್ಡನ್ನು ಒಂದು ದಿನ ತಾವೇ ಕಿತ್ತರು. ಕಲ್ಲನ್ನು ಮಾತ್ರ ಹಳೆಯ ಜಾಗಕ್ಕೆ ತರಲಿಲ್ಲ. ಯಾಕೆ ಮೇಷ್ಟ್ರೇ ಓರೆಯಾಗಿದೆ ಎಂದರೆ, ಇರಲಿ ಬಿಡಮ್ಮ ನನ್ನ ಕಣ್ಣಿಗೆ ಚುಚ್ಚಲಿ ಎಂದರು. ನನಗೆ ಅರ್ಥವಾಗಲಿಲ್ಲ. ಹೀಗೇ ನಾಲ್ಕೈದು ವರ್ಷ ಕಳೆದ ಮೇಲೆ ಒಮ್ಮೆ ರಜೆ ಹಾಕಿ ಎಲ್ಲಿಗೋ ಹೋಗಿ ಬಂದರು. ಅದಾದ ಮೇಲೆ ಮೂರು ದಿನ ಸಂಜೆ ಹಿಂಬದಿಯ ಕೋಣೆಯಿಂದ ಹಳೆಯ ಯಂತ್ರದ ಸದ್ದು ಕೇಳಿತು, ಟಕ್, ಟಕ್ ಎಂದು, ತಡೆದು ತಡೆದು.

ಅಲ್ಲಿಂದ ಅವರಿಗೆ ಒಂದು ಅಭ್ಯಾಸ ಶುರುವಾಯಿತು. ದಿನಾ ಟಪಾಲು ಬರುವ ಹೊತ್ತಿಗೆ ಮಣ್ಣು ಮೆತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು ನನ್ನ ಕಿಟಕಿಗೆ ಬಂದು ನಿಲ್ಲುವರು. "ನನಗೇನಾದ್ರೂ ಬಂತಾಮ್ಮ?" ನಾನು ಕೆಲಸದ ನಡುವೆ ತಲೆ ಎತ್ತದೆ ಒಂದೇ ಉತ್ತರ ಕೊಡುತ್ತಿದ್ದೆ: "ನಿಮಗೆ ಯಾರು ಬರೀತಾರೆ ಮೇಷ್ಟ್ರೇ?" ಅವರು ಹೌದಲ್ವಾ ಎಂದು ನಕ್ಕು ಹೋಗುವರು. ನಿವೃತ್ತಿಯಾಗುವ ದಿನದವರೆಗೂ ಕೇಳಿದರು. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಗಿಡ ನೋಡುವ ನೆಪದಲ್ಲಿ ಬಂದು ಕೇಳಿದರು.

ಅವರ ಶ್ವಾಸಕೋಶಕ್ಕೆ ನೀರು ತುಂಬಿ ಆಸ್ಪತ್ರೆಯಲ್ಲಿದ್ದಾಗ ನಾನು ನೋಡಲು ಹೋಗಿದ್ದೆ. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದರು. ಆಗ ಎಲ್ಲವನ್ನೂ ಹೇಳಿದರು. ಕಲ್ಲು ಸರಿಸಿದ್ದು, ಹೇಳದೆ ಉಳಿದದ್ದು, ಹೇಳಿಯೇ ಬರುತ್ತೇನೆಂದು ಹಾಸ್ಟೆಲಿಗೆ ಹೋದದ್ದು. ಎಣಿಕೆ ಬಂದು ಬೆಂಚಿನ ಮೇಲೆ ಕೂತು, ನಾನಿಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೇನೆ ಮೇಷ್ಟ್ರೇ, ಬೆರಳು ತಾನಾಗಿ ಮನೆಗೆ ಬರುತ್ತದೆ ಎಂದಳಂತೆ. ಅದನ್ನು ಕೇಳಿ ಇವರ ನಾಲಿಗೆ ಬಿದ್ದುಹೋಯಿತಂತೆ. ವಾಪಸ್ಸು ಬಂದು ಮೂರು ಸಂಜೆ ಕೂತು ಪೂರ್ಣವಿರಾಮದ ಕೀಯಲ್ಲಿ ಚುಕ್ಕಿ ಹೊಡೆದು ತಪ್ಪೊಪ್ಪಿಗೆ ಬರೆದು ಅಂಚೆಗೆ ಹಾಕಿದರಂತೆ.

"ಉತ್ತರ ಬರಲಿಲ್ಲ ಕಣಮ್ಮ," ಎಂದರು. "ಕೊಡದೆ ಇದ್ದದ್ದು ಸರಿನೇ. ಆ ಮಗು ಇಡೀ ಜೀವಮಾನ ತನ್ನ ಕೈನೇ ತಾನು ನಂಬದ ಹಾಗೆ ಮಾಡಿಬಿಟ್ಟೆ. ಆದ್ರೂ ಒಂದು ಸಾಲು ಬರುತ್ತೇನೋ ಅಂತ ನೋಡ್ದೆ."

ನಾನು ಅವರ ಕೈ ಹಿಡಿದು ಸಮಾಧಾನದ ಮಾತು ಏನೇನೋ ಹೇಳಿದೆ. ಹದಿನೈದು ದಿನಕ್ಕೆ ಅವರು ತೀರಿಕೊಂಡರು.

ಎರಡು ತಿಂಗಳ ಹಿಂದೆ ಶಾಲೆಯ ಹಳೆಯ ಕಡತಗಳನ್ನು ವಿಲೇವಾರಿ ಮಾಡಲು ಹೇಳಿದರು. ನಮ್ಮ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಒಂದು ಕಂಪ್ಯೂಟರಿನಲ್ಲಿ ಹೊಡೆದ ಕನ್ನಡ ಇನ್ನೊಂದರಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಆಗಿ ಬರುತ್ತದೆ, ಕೆಲವರು ಅದನ್ನು ಹಾಗೇ ಮುದ್ರಿಸಿ ಕಳುಹಿಸಿಬಿಡುತ್ತಾರೆ. ಅಂಥ ಕಾಗದಗಳಿಗೆ ನಾನು ಒಂದು ಕಡತವನ್ನೇ ಇಟ್ಟಿದ್ದೆ, ಮೇಲೆ 'ಫಾಂಟ್ ತೊಂದರೆ' ಎಂದು ಬರೆದಿದ್ದೆ. ಅದನ್ನು ಹರಿದು ಹಾಕುವ ಮೊದಲು ಸುಮ್ಮನೆ ತಿರುವಿದೆ. ನಡುವೆ ಒಂದು ಹಾಳೆ, ಹಾಸ್ಟೆಲಿನ ಕವರಿನೊಂದಿಗೆ. ಕವರಿನ ಮೇಲೆ ಎಂದಿನಂತೆ ಮುಖ್ಯೋಪಾಧ್ಯಾಯರ ವಿಳಾಸ. ಐದು ವರ್ಷದ ಹಿಂದಿನ ತಾರೀಖು. ತುಂಬ ಅಲ್ಪವಿರಾಮ, ಅರ್ಧವಿರಾಮ, ತಲೆಬುಡವಿಲ್ಲದ ಅಕ್ಷರ. ಕೊನೆಯ ಸಾಲಿನ ಹತ್ತಿರ ಒಂದು ಪದ ಕಣ್ಣಿಗೆ ಬಿತ್ತು: ',ಮರಹರ'.

ಅಲ್ಪವಿರಾಮ. ಮರ.

ನಾನು ಕುರ್ಚಿಯಲ್ಲಿ ಕೂತೆ. ಕೀಲಿಮಣೆಯನ್ನು ಎದುರಿಗೆ ಎಳೆದುಕೊಂಡು, ಬೆರಳನ್ನು ಒಂದೊಂದು ಅಕ್ಷರದ ಮೇಲಿಟ್ಟು ಒಂದು ಕೀ ಎಡಕ್ಕೆ ಸರಿಸುತ್ತ ಹೋದೆ. 'ಮನೆಗೆ' ಎಂದಾಯಿತು. ಅದರಾಚೆಯ 'ಯಫಡ' ತೋಟವಾಯಿತು. ಇಡೀ ಹಾಳೆ ಬಿಡಿಸುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಅದರಲ್ಲಿದ್ದದ್ದು ಇಷ್ಟು:

"ಮೇಷ್ಟ್ರೇ, ನಿಮ್ಮ ಚುಕ್ಕಿ ಕಾಗದ ಓದಿದೆ. ಎರಡು ಕಡೆ ತಪ್ಪು ಹೊಡೆದಿದ್ದೀರಿ, ಆದರೂ ಅರ್ಥವಾಯಿತು. ಕಲ್ಲು ಸರಿದದ್ದು ನನಗೆ ಅವತ್ತೇ ಗೊತ್ತಾಗಿತ್ತು. ಎಲ್ಲರೂ ಹೋದ ಮೇಲೆ ಮೂಲೆಯಿಂದ ಎಣಿಸಿದೆ. ಐದು ಗೇಣು ಇರಬೇಕಿತ್ತು, ನಾಲ್ಕೇ ಇತ್ತು. ತಪ್ಪು ಬೆರಳಿನದಲ್ಲ, ಕೂತ ಜಾಗದ್ದು ಅಂತ ನೀವೇ ಹೇಳಿದ್ದಿರಿ. ಬಾಯಿ ಬಿಟ್ಟರೆ ದೊಡ್ಡ ಮೇಡಂ ನಿಮ್ಮನ್ನು ಬೈಯುತ್ತಾರೆ ಅಂತ ಸುಮ್ಮನಿದ್ದೆ. ನೀವು ಅದನ್ನೇ ಇಟ್ಟುಕೊಂಡು ಕೊರಗುತ್ತಿದ್ದೀರಿ ಅಂತ ಗೊತ್ತಿರಲಿಲ್ಲ. ಇಲ್ಲಿ ನಮ್ಮ ಕಾಗದ ವಾರ್ಡನ್ ಓದುತ್ತಾರೆ, ಅದಕ್ಕೇ ಬೇಕೆಂದೇ ಒಂದು ಕೀ ಆಚೆ ಕೂತು ಹೊಡೆದಿದ್ದೇನೆ. ನಿಮಗೊಬ್ಬರಿಗೇ ಓದಲು ಬರುತ್ತದೆ. ರಜೆಗೆ ಮನೆಗೆ ಬಂದಾಗ ತೋಟಕ್ಕೆ ಬರಲೇ? ನಿಂಬೆ ಬೀಜ ಇಟ್ಟಿರಿ."

ಹಾಳೆಗೆ ಇನ್ನೊಂದು ಕಾಗದ ಪಿನ್ನು ಹೊಡೆದಿತ್ತು. ನಾನು ಕಳುಹಿಸಿದ ಉತ್ತರದ ಆಫೀಸ್ ಪ್ರತಿ. ನನ್ನದೇ ಟೈಪು, ಶಾಲೆಯ ಮೊಹರು. 'ತಮ್ಮ ಪತ್ರ ಅರ್ಥವಾಗುತ್ತಿಲ್ಲ. ದೋಷ ಸರಿಪಡಿಸಿ ಮರಳಿ ಕಳುಹಿಸುವುದು.' ಅದನ್ನು ಹಾಸ್ಟೆಲಿನಲ್ಲಿ ಯಾರೋ ಅವಳಿಗೆ ಓದಿ ಹೇಳಿರಬೇಕು. ಮೇಷ್ಟ್ರಿಗೊಬ್ಬರಿಗೇ ಅರ್ಥವಾಗುತ್ತದೆಂದು ಬರೆದವಳಿಗೆ, ಅರ್ಥವಾಗುತ್ತಿಲ್ಲ ಎಂದು ಶಾಲೆಯಿಂದ ಉತ್ತರ ಬಂದಿತ್ತು. ಅವಳು ಮತ್ತೆ ಬರೆಯಲಿಲ್ಲ. ತಾರೀಖು ನೋಡಿದೆ. ಆ ದಿನವೂ ಮೇಷ್ಟ್ರು ಕಿಟಕಿಗೆ ಬಂದು ಕೇಳಿರಲೇಬೇಕು, ನಾನೂ ಅದೇ ಉತ್ತರ ಕೊಟ್ಟಿರಬೇಕು. ಕಾಗದ ಆಗ ನನ್ನ ಮೊಣಕೈ ಕೆಳಗೇ ಇತ್ತೋ ಏನೋ.

ಮರುದಿನ ಅದನ್ನು ಬಿಡಿಸಿ ಬರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಓದಿ ಹೇಳಿದೆ, ನನ್ನ ಉತ್ತರವನ್ನೂ ಓದಿದೆ, ಮುಚ್ಚಿಡಲಿಲ್ಲ. ಆ ಗಟ್ಟಿ ಬಾಯಿಯ ಹೆಂಗಸು ಬೈದರೆ ಬೈಸಿಕೊಳ್ಳೋಣ ಎಂದೇ ಹೋಗಿದ್ದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಇನ್ನೊಂದು ಸಲ ಓದು ಎಂದರು. ಓದಿದೆ.

"ಇಷ್ಟೇ ತಾನೇ ಅವರು ಕೇಳಿದ್ದು," ಎಂದರು. "ಒಂದು ಸಾಲು. ಅದು ನಿನ್ನ ಹತ್ರನೇ ಇತ್ತಲ್ಲಮ್ಮ."

ನಾನು ಅಲ್ಲೇ ಗೋಡೆಗೊರಗಿ ಅತ್ತೆ. ಅವರೂ ಅತ್ತರು. ಆದರೆ ನನ್ನ ಕೈ ಹಿಡಿಯಲಿಲ್ಲ, ಹಿಡಿಯಬೇಕಾಗೂ ಇರಲಿಲ್ಲ.

ಎಣಿಕೆಗೆ ಈಗ ಹತ್ತೊಂಬತ್ತೋ ಇಪ್ಪತ್ತೋ. ಹಾಸ್ಟೆಲು ಬಿಟ್ಟು ಎರಡು ವರ್ಷವಾಯಿತಂತೆ. ಗಡಿಯಾರದ ಅಂಗಡಿಯಿದ್ದ ಜಾಗದಲ್ಲಿ ಬೇರೆ ಅಂಗಡಿ ಬಂದಿದೆ. ನಾನು ಒಂದು ಕಾಗದ ಹೊಡೆದೆ. ನಡೆದದ್ದೆಲ್ಲವನ್ನೂ ಬರೆದೆ, ಮೇಷ್ಟ್ರು ಹೋದದ್ದನ್ನೂ. ಇಡೀ ಕಾಗದವನ್ನು ಒಂದು ಕೀ ಆಚೆ ಕೂತು ಹೊಡೆದೆ, ನಮ್ಮವರೇ ಬರೆದದ್ದು ಎಂದು ಅವಳಿಗೆ ಗೊತ್ತಾಗಲಿ ಎಂದು. ಯಾರಾದರೂ ಒಂದೊಂದೇ ಅಕ್ಷರ ಓದಿ ಹೇಳಿದರೆ ಸಾಕು, ಅವಳು ಬಿಡಿಸಿಕೊಳ್ಳುತ್ತಾಳೆ. ಹಾಸ್ಟೆಲಿನವರು ತಮ್ಮಲ್ಲಿರುವ ಹಳೆಯ ವಿಳಾಸಕ್ಕೆ ಕಳುಹಿಸುತ್ತೇವೆ ಎಂದಿದ್ದಾರೆ. ಅದಕ್ಕೆ ಮೊದಲು, ಇದು ಓದಲು ಬರುತ್ತಿಲ್ಲ, ಸರಿಪಡಿಸಿ ಕಳುಹಿಸಿ ಎಂದು ಒಮ್ಮೆ ವಾಪಸ್ಸೂ ಮಾಡಿದ್ದರು. ಸರಿಯಾಗಿಯೇ ಇದೆ, ಹಾಗೇ ಕಳುಹಿಸಿ ಎಂದು ನಾನು ಮತ್ತೆ ಬರೆದೆ.

ಮೊದಲ ಮೇಜಿನ ಕಲ್ಲನ್ನು ಎಬ್ಬಿಸಿ ಮೊದಲಿದ್ದ ಜಾಗಕ್ಕೆ ಕೂರಿಸಿದ್ದೇನೆ. ಎಡಕ್ಕೆ ಒಂದು ಗೇಣಿಗೆ ನಾಲ್ಕು ನಿಂಬೆ ಬೀಜ ಹಾಕಿದ್ದೇನೆ. ಇವತ್ತಿಗೆ ನಲವತ್ತೊಂದು ದಿನ, ಏನೂ ಬಂದಿಲ್ಲ.

ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಈಗ ನಾನೇ ಎದ್ದು ಗೇಟಿಗೆ ಹೋಗುತ್ತೇನೆ. ಹೊಸದಾಗಿ ಬಂದಿರುವ ಅಟೆಂಡರ್ ಹುಡುಗಿಗೆ ಅದೊಂದು ತಮಾಷೆ. ಕವರುಗಳನ್ನು ಜೋಡಿಸುತ್ತ, ತಲೆ ಎತ್ತದೆ ಕೇಳುತ್ತಾಳೆ: "ನಿಮಗೆ ಯಾರು ಬರೀತಾರೆ ಅಕ್ಕಾ?"